ಬಿಳಿ ಸೈಕಲ್ಲಿನ ಒಡತಿ

ತಾನು ಸತ್ತುಹೋಗಿರುವ ಸಂಗತಿ ಪರದೆಯಕ್ಕನಿಗೆ ಅರ್ಧ ಗೊತ್ತಾದದ್ದು ಬಸ್ಸಿನ ಕಿಟಕಿಯಿಂದ, ಉಳಿದರ್ಧ ಕೆಳಗಿಳಿದ ಮೇಲೆ.

ಹೀಗೆಂದರೆ ಕೇಳಿದವರಿಗೆ ನಗು ಬರುತ್ತದೆ. ಅವಳಿಗೂ ಬಂತು, ಆದರೆ ಆಮೇಲೆ. ಆ ಬೆಳಿಗ್ಗೆ ಅವಳ ತಲೆ ತುಂಬ ಬೇರೆ ಚಿಂತೆಯಿತ್ತು. ಕಾಲಿನ ಪ್ಲಾಸ್ಟರ್ ಬಿಚ್ಚಿದ ಮೇಲೆ ಗಂಡನ ಕಾರಿಲ್ಲದೆ ಅವಳು ಒಬ್ಬಳೇ ಹೊರಟದ್ದು ಅದೇ ಮೊದಲು. ಬಗಲಲ್ಲಿ ಬಟ್ಟೆಯ ಮಾದರಿಗಳ ಚೀಲ, ಕೈಯಲ್ಲಿ ಉದ್ದನೆಯ ಅಳತೆಕೋಲು. ಆ ಕೋಲು ಬಸ್ಸಿನಲ್ಲಿ ಯಾರದೋ ಕಿವಿಗೆ ತಾಕಿ, ಅವರು ತಿರುಗಿ ದುರುಗುಟ್ಟಿ ನೋಡಿ, ಇವಳು ಕ್ಷಮೆ ಕೇಳುವಷ್ಟರಲ್ಲಿ ಇನ್ನೊಬ್ಬರ ಕನ್ನಡಕಕ್ಕೆ ತಾಕಿ, ಸಾಕುಸಾಕಾಗಿತ್ತು.

ಅವಳ ಕೆಲಸ ಕಿಟಕಿಗಳಿಗೆ ಪರದೆ ಹೊಲಿಯುವುದು. ಅಂಗಡಿ ಇಟ್ಟು ಕೂತರೆ ಆಗುವ ಕೆಲಸವಲ್ಲ ಅದು. ಕಿಟಕಿ ಅಂಗಡಿಗೆ ನಡೆದು ಬರುವುದಿಲ್ಲವಲ್ಲ, ಇವಳೇ ಮನೆಮನೆಗೆ ಹೋಗಿ ಅಳೆಯಬೇಕು, ಬಟ್ಟೆ ತೋರಿಸಬೇಕು, ಮನೆಗೆ ಬಂದು ಹೊಲಿಯಬೇಕು, ಮತ್ತೆ ಹೋಗಿ ಏಣಿ ಹತ್ತಿ ತೂಗುಹಾಕಬೇಕು. ಹಾಕಿದ ಮೇಲೆ ಮನೆಯೊಡತಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, 'ಒಂದು ಬೆರಳು ಉದ್ದವಾಯ್ತೇನೋ' ಎಂದರೆ ಮತ್ತೊಂದು ಸಲ ಹೋಗಬೇಕು. ಇಷ್ಟೆಲ್ಲ ಓಡಾಟವನ್ನೂ ಅವಳು ಮದುವೆಗೆ ಮುಂಚಿನಿಂದ ಸೈಕಲ್ಲಿನ ಮೇಲೆಯೇ ಮಾಡಿಕೊಂಡು ಬಂದವಳು. ಹಿಂದಿನ ಕ್ಯಾರಿಯರಿಗೆ ಬಟ್ಟೆಯ ಸುರುಳಿ ಕೂರುವಂಥ ಅಗಲದ ಹಲಗೆ, ಚೌಕಟ್ಟಿನ ಪಕ್ಕಕ್ಕೆ ಅಳತೆಕೋಲು ತೂರಿಸಲು ಒಂದು ತುಂಡು ಕೊಳವೆ, ಎರಡನ್ನೂ ಅವಳೇ ಹೇಳಿ ಮಾಡಿಸಿದ್ದಳು. ಊರಿನ ಕಾರುಗಳು ಒಂದರ ಬಾಲ ಒಂದು ಹಿಡಿದು ನಿಂತಿರುವಾಗ ಅವಳು ಪಕ್ಕದಿಂದ ಸುಳಿದು ಹೋಗಿ, ಅವರು ಮುಂದಿನ ಸಿಗ್ನಲ್ ದೀಪ ಮುಟ್ಟುವಷ್ಟರಲ್ಲಿ ಒಂದು ಕಿಟಕಿ ಅಳೆದು ಮುಗಿಸಿರುತ್ತಿದ್ದಳು.

ಅಪಘಾತವಾಗಿ ಮೂರು ತಿಂಗಳಾಗುತ್ತ ಬಂದಿತ್ತು. ಅಂದಿನಿಂದ ಅವಳನ್ನು ಕರೆದೊಯ್ಯುವುದು, ಕರೆತರುವುದು ಗಂಡನ ಪಾಲಿಗೆ ಬಿದ್ದಿತ್ತು. ಗಂಡ ಕಾರು ಕಲಿಸುವ ಶಾಲೆ ಇಟ್ಟವರು, ಎಲ್ಲರ ಬಾಯಲ್ಲೂ ಗೇರ್ ಮೇಷ್ಟ್ರು. ಈ ಊರಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ನಮ್ಮವರ ಕೈಯಲ್ಲಿ ಪಳಗಿದವರು, ಉಳಿದರ್ಧ ಯಾರ ಕೈಯಲ್ಲೂ ಪಳಗದವರು ಎಂದು ಪರದೆಯಕ್ಕ ಹೇಳುವುದಿತ್ತು. ಮೇಷ್ಟ್ರು ಪಾಠದ ನಡುವೆ ಬಿಡುವು ಮಾಡಿಕೊಂಡು ಅವಳನ್ನು ಗಿರಾಕಿಗಳ ಮನೆಗೆ ಬಿಡುತ್ತಿದ್ದರು, ಕೆಳಗೆ ಇಂಜಿನ್ ಆರಿಸದೆ ಕಾಯುತ್ತಿದ್ದರು. ಅವಳು ಮೇಲೆ ಗಡಿಬಿಡಿಯಲ್ಲಿ ಅಳೆಯುತ್ತಿದ್ದಳು. ಗಡಿಬಿಡಿಯ ಅಳತೆ ತಪ್ಪುತ್ತದೆ. ಒಂದು ಮನೆಯ ಪರದೆ ಗಿಡ್ಡವಾಗಿ, ಮೊಣಕಾಲಿನ ತನಕ ಲಂಗ ಉಟ್ಟ ಹುಡುಗಿಯ ಹಾಗೆ ಕಿಟಕಿಯಲ್ಲಿ ನಿಂತಿತು. ಆ ಮನೆಯವರು ಮತ್ತೆ ಕರೆಯಲಿಲ್ಲ. ಸಣ್ಣಪುಟ್ಟ ಕೆಲಸ ಕೊಡುತ್ತಿದ್ದವರೂ 'ನಿಮಗ್ಯಾಕೆ ತೊಂದರೆ' ಎಂದು ನಯವಾಗಿ ಕೈಬಿಟ್ಟರು. ಇನ್ನೊಂದಷ್ಟು ದಿನ ಹೀಗೇ ಆದರೆ ತನ್ನ ಕಸುಬು ತನ್ನ ಕೈಜಾರಿ ಹೋಗುತ್ತದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ಕಸುಬಿಗಿಂತ ಹೆಚ್ಚಾಗಿ, ತಾನು ಎಲ್ಲಿಗೆ ಯಾವಾಗ ಹೋಗಬೇಕು ಎನ್ನುವುದನ್ನು ಇನ್ನೊಬ್ಬರು ಗಡಿಯಾರ ನೋಡಿ ಹೇಳುವುದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ಸೈಕಲ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಹತ್ತಿ ಹೋಗಿಬಿಡುತ್ತಿದ್ದಳು. ಆದರೆ ಅದು ನಜ್ಜುಗುಜ್ಜಾಯಿತೆಂದೂ ಗುಜರಿಗೆ ಹಾಕಿದೆನೆಂದೂ ಮೇಷ್ಟ್ರು ಆಸ್ಪತ್ರೆಯಲ್ಲೇ ಹೇಳಿದ್ದರು. ಅವಳು ಅಲ್ಲಿ ಕಾಲಿಗಲ್ಲ, ಸೈಕಲ್ಲಿಗೆ ಅತ್ತಿದ್ದಳು.

ಆ ಸೈಕಲ್ ಈಗ ಬಸ್ಸಿನ ಕಿಟಕಿಯಾಚೆ ನಿಂತಿತ್ತು. ದೊಡ್ಡ ವೃತ್ತದ ಮೂಲೆಯ ದೀಪದ ಕಂಬಕ್ಕೆ ಸರಪಳಿ ಬಿಗಿದು ನಿಲ್ಲಿಸಿದ್ದರು. ತಲೆಯಿಂದ ಕಾಲಿನ ತನಕ ಬಿಳಿ ಬಣ್ಣ. ಸೀಟು ಬಿಳಿ, ಪೆಡಲು ಬಿಳಿ, ಟೈರು ಕೂಡ ಬಿಳಿ. ಬಣ್ಣ ಬಳಿದರೇನು, ಕ್ಯಾರಿಯರಿನ ಹಲಗೆ, ಪಕ್ಕದ ಕೊಳವೆ ಎಲ್ಲಿಗೆ ಹೋಗುತ್ತವೆ? ಪರದೆಯಕ್ಕ ಅಳತೆಕೋಲಿನಿಂದ ಮತ್ತೂ ಒಬ್ಬರನ್ನು ತಿವಿದು ಮುಂದಿನ ನಿಲ್ದಾಣದಲ್ಲಿ ಇಳಿದಳು. ನೋಯುವ ಕಾಲೆಳೆದುಕೊಂಡು ವೃತ್ತಕ್ಕೆ ವಾಪಸು ಬಂದು ನೋಡಿದರೆ ಹ್ಯಾಂಡಲಿಗೆ ಒಣಗಿದ ಹೂ ಸಿಕ್ಕಿಸಿತ್ತು, ಚೌಕಟ್ಟಿಗೆ ಒಂದು ಹಲಗೆ ಕಟ್ಟಿತ್ತು. ಅದರ ಮೇಲೆ ಚಂದದ ಅಕ್ಷರದಲ್ಲಿ ಬರೆದಿತ್ತು: 'ಈ ತಿರುವಿನಲ್ಲಿ ಕಾರೊಂದು ಒಬ್ಬ ಸೈಕಲ್ ಸವಾರರ ಪ್ರಾಣ ತೆಗೆಯಿತು. ನಿಧಾನವಾಗಿ ಹೋಗಿ.'

ಅವಳು ಎರಡು ಸಲ ಓದಿದಳು. ಆಮೇಲೆ, ಯಾಕೆಂದು ಅವಳಿಗೇ ಗೊತ್ತಿಲ್ಲ, ತನ್ನ ಮುಂಗೈಯನ್ನು ಒಮ್ಮೆ ಚಿವುಟಿ ನೋಡಿಕೊಂಡಳು.

"ನಿಮಗೆ ಅವರ ಪರಿಚಯ ಇತ್ತಾ, ಅಮ್ಮಾ?"

ಎತ್ತರದ, ಸಣಕಲು ದೇಹದ ಮಧ್ಯವಯಸ್ಸಿನ ಒಬ್ಬರು ಸೈಕಲ್ಲಿನಿಂದ ಇಳಿಯುತ್ತ ಕೇಳಿದರು. ತಲೆಗೆ ಹೆಲ್ಮೆಟ್ಟು, ಪ್ಯಾಂಟಿನ ಕಾಲಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು, ಬುಟ್ಟಿಯಲ್ಲಿ ಹೊಸ ಹೂ. ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುವವನು ತಾನು, ಬಿಡುವಿನಲ್ಲಿ ಊರಿನ ಸೈಕಲ್ ಸವಾರರ ಬಳಗದ ಕೆಲಸ ನೋಡಿಕೊಳ್ಳುತ್ತೇನೆ ಎಂದು ಹೇಳಿಕೊಂಡರು.

"ಸ್ವಲ್ಪ ಮಟ್ಟಿಗೆ ಇತ್ತು," ಎಂದಳು ಪರದೆಯಕ್ಕ.

ಲೈಬ್ರರಿಯವರ ಮುಖ ಬಾಡಿತು. "ತುಂಬ ಶ್ರಮಜೀವಿ ಅಂತ ಸೈಕಲ್ ನೋಡಿದ್ರೇನೇ ಗೊತ್ತಾಗತ್ತೆ. ಚೈನಿಗೆ ಎಷ್ಟು ಚೆನ್ನಾಗಿ ಎಣ್ಣೆ ಹಾಕಿಟ್ಟಿದ್ರು ಗೊತ್ತಾ? ಬಣ್ಣ ಬಳಿಯೋವಾಗ ನಮ್ಮಲ್ಲಿ ಒಬ್ಬರು ಅತ್ತೇಬಿಟ್ರು."

"ಅಳೋದೆಲ್ಲ ಯಾಕೆ ಪಾಪ."

"ಒಳ್ಳೇವರೇ ಬೇಗ ಹೋಗ್ತಾರಮ್ಮ."

ಇನ್ನು ತಡೆದುಕೊಂಡರೆ ತನ್ನ ಬಗ್ಗೆ ಇನ್ನೂ ಏನೇನು ಒಳ್ಳೆಯ ಮಾತು ಬರುತ್ತಿತ್ತೋ. ತಡೆದುಕೊಳ್ಳಬೇಕೆಂಬ ಆಸೆಯೂ ಅವಳಿಗಿತ್ತು, ಬದುಕಿದ್ದಾಗ ಯಾರು ಹೊಗಳುತ್ತಾರೆ? ಆದರೆ ಆ ಮನುಷ್ಯ ಹೂ ಹಿಡಿದು ತಲೆತಗ್ಗಿಸಿ ನಿಂತದ್ದು ನೋಡಿ ಅವಳ ಮನಸ್ಸು ಒಪ್ಪಲಿಲ್ಲ.

"ಅದು ನನ್ನ ಸೈಕಲ್ಲು. ಹೋಗಿದ್ದು ನಾನಲ್ಲ, ನನ್ನ ಕಾಲು. ಅದೂ ಈಗ ವಾಪಸ್ ಬಂದಿದೆ," ಎಂದಳು.

ಲೈಬ್ರರಿಯವರು ಕಕ್ಕಾಬಿಕ್ಕಿಯಾಗಿ ಅವಳನ್ನು ನೋಡಿದರು, ಸೈಕಲ್ಲನ್ನು ನೋಡಿದರು. ಅವಳು ಮಾತು ಬೆಳೆಸದೆ ಅಳತೆಕೋಲನ್ನು ಆ ಬಿಳಿ ಕೊಳವೆಯೊಳಗೆ ತೂರಿಸಿ ತೋರಿಸಿದಳು. ಕೋಲು ಹೇಳಿ ಮಾಡಿಸಿದ ಹಾಗೆ ಕೂತಿತು. ಹೇಳಿ ಮಾಡಿಸಿದ್ದೇ ಆಗಿತ್ತು. ಲೈಬ್ರರಿಯವರು ಕಾಲುದಾರಿಯ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತು, ಹೂವನ್ನು ಏನು ಮಾಡಬೇಕೆಂದು ತಿಳಿಯದೆ ಅವಳ ಕೈಗೇ ಕೊಟ್ಟರು.

ಆಮೇಲೆ ಅವರು ತಡವರಿಸುತ್ತ ಹೇಳಿದ್ದು ಇಷ್ಟು. ಸೈಕಲ್ ಸವಾರರು ಯಾರಾದರೂ ರಸ್ತೆಯಲ್ಲಿ ಸತ್ತರೆ ಆ ಜಾಗದಲ್ಲಿ ಒಂದು ಬಿಳಿ ಸೈಕಲ್ ನಿಲ್ಲಿಸುವುದು ಬಳಗದ ಪದ್ಧತಿ. ಈ ವೃತ್ತದಲ್ಲಿ ಒಬ್ಬ ಹೆಂಗಸಿಗೆ ಕಾರು ಗುದ್ದಿತು, ಅಲುಗಾಡದೆ ಬಿದ್ದಿದ್ದರು, ಗುದ್ದಿದವನೇ ತನ್ನ ಕಾರಿಗೆ ಹಾಕಿಕೊಂಡು ಹೋದ ಎಂದಷ್ಟೇ ಇಲ್ಲಿನವರು ಹೇಳಿದ್ದರು. ಯಾವ ಆಸ್ಪತ್ರೆ, ಏನಾಯಿತು, ಯಾರಿಗೂ ಗೊತ್ತಿರಲಿಲ್ಲ. ಬಳಗದವರು ದಿನಾ ಬಂದು ನೋಡಿದರು. ಸೈಕಲ್ ಬಿದ್ದಲ್ಲೇ ಬಿದ್ದಿತ್ತು, ಕೇಳಿಕೊಂಡು ಯಾರೂ ಬರಲಿಲ್ಲ.

"ನಮಗೆ ಇನ್ನೇನು ಅನುಮಾನ ಉಳಿಯತ್ತೆ ಹೇಳಿ. ಜೀವ ಇರೋರು ತಮ್ಮ ಸೈಕಲ್ಲನ್ನ ರಸ್ತೇಲಿ ಬಿಡ್ತಾರಾ? ಕೈಲಾಗದೇ ಇದ್ರೂ ಯಾರನ್ನಾದ್ರೂ ಕಳಿಸ್ತಾರೆ."

ಸೈಕಲ್ ಹುಚ್ಚು ಹಿಡಿದವರು ಮಾತ್ರ ಮಾಡಬಲ್ಲ ತಪ್ಪು ಅದು. ಪರದೆಯಕ್ಕನಿಗೆ ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಅವಳಿಗೂ ತಪ್ಪು ಕಾಣಲಿಲ್ಲ. ಅವಳೂ ಹಾಗೇ ಅಂದುಕೊಳ್ಳುತ್ತಿದ್ದಳು. ಬಿಟ್ಟುಬಂದವರು ಅವರಲ್ಲ, ಇನ್ನೊಬ್ಬರು. ಗುಜರಿಗೆ ಹಾಕಿದೆನೆಂದ ಗಂಡನ ಮಾತು ಅವಳಿಗೆ ನೆನಪಾಯಿತು.

"ಚಕ್ರ ಸೊಟ್ಟಗಾಗಿತ್ತು. ಗೌರವದಿಂದ ನಿಲ್ಲಿಸಬೇಕಲ್ಲ ಅಂತ ನೆಟ್ಟಗೆ ಮಾಡಿಸಿದ್ವಿ," ಎಂದರು ಲೈಬ್ರರಿಯವರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

"ಅದೊಂದು ಒಳ್ಳೆ ಕೆಲಸ ಮಾಡಿದ್ರಿ. ಸರಪಳಿ ಬಿಚ್ಚಿ, ತಗೊಂಡು ಹೋಗ್ತೀನಿ."

ಲೈಬ್ರರಿಯವರು ಕೈ ಹಿಸುಕಿಕೊಂಡರು. ಈ ವೃತ್ತದಲ್ಲಿ ಸೈಕಲ್ಲಿಗೊಂದು ಬೇರೆ ದಾರಿ ಬೇಕೆಂದು ಬಳಗ ಎಷ್ಟೋ ವರ್ಷದಿಂದ ರಸ್ತೆ ಇಲಾಖೆಯ ಬಾಗಿಲು ಬಡಿಯುತ್ತಿತ್ತು. ಬಿಳಿ ಸೈಕಲ್ ನಿಂತ ಮೇಲೆ ಮೊದಲ ಬಾರಿಗೆ ಇಲಾಖೆ ಅತ್ತ ತಿರುಗಿ ನೋಡಿತ್ತು. ನಾಡಿದ್ದು ಬೆಳಿಗ್ಗೆ ಇಂಜಿನಿಯರು ಸ್ಥಳ ನೋಡಲು ಬರುವವರಿದ್ದರು.

"ಸಾವು ಆಗಿರೋ ಜಾಗ ಅಂದ್ರೆ ಮಾತ್ರ ಅವರು ಮೊದಲು ಕೈಗೆತ್ಕೊಳ್ಳೋದು. ತಪ್ಪು ನಮ್ಮದೇ, ನಾಚಿಕೆಯಾಗ್ತಿದೆ. ಆದ್ರೂ ಕೇಳ್ತೀನಿ, ನಾಡಿದ್ದಿನ ತನಕ ಇದು ಇಲ್ಲೇ ಇರಲಿ. ಈ ಬಿಳಿ ಸೈಕಲ್ ನೋಡಿ ಕಾರಿನವರು ಸ್ವಲ್ಪನಾದ್ರೂ ನಿಧಾನ ಮಾಡ್ತಾರೆ. ಶಾಲೆ ಮಕ್ಕಳು ಈಗ ಈ ಕಡೆ ಸೈಕಲ್ಲಲ್ಲಿ ಬರ್ತಿದಾರೆ."

ಪರದೆಯಕ್ಕ ಯೋಚಿಸಿದಳು. ಸುಳ್ಳು ಅವಳಿಗೆ ಹಿಡಿಸುವ ಬಟ್ಟೆಯಲ್ಲ. ಆದರೆ ಅದೇ ತಿರುವಿನಲ್ಲಿ ಆಕಾಶ ನೋಡುತ್ತ ಮಲಗಿದ್ದವಳೂ ಅವಳೇ. ಕೊನೆಗೆ ಗೋಣು ಹಾಕಿದಳು.

"ಆಯ್ತು, ನಾಡಿದ್ದಿನ ತನಕ ಸತ್ತಿರ್ತೀನಿ. ಅಷ್ಟರಲ್ಲಿ ಆ ಚೈನಿನ ಬಣ್ಣ ಕೆರೆದು ಎಣ್ಣೆ ಹಾಕಿಡಿ. ಬ್ರೇಕೂ ನೋಡಿ."

ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಬಂದಾಗ ಅವಳು ಬಟ್ಟೆ ಕತ್ತರಿಸುವ ಮೇಜಿನ ಒಂದು ಅಂಚನ್ನು ಖಾಲಿ ಮಾಡಿ ತಟ್ಟೆ ಇಟ್ಟಳು. ಆ ಮನೆಯಲ್ಲಿ ಊಟದ ಮೇಜು, ಕತ್ತರಿಯ ಮೇಜು ಎಂಬ ಭೇದವಿರಲಿಲ್ಲ, ಅನ್ನದಲ್ಲಿ ಒಮ್ಮೊಮ್ಮೆ ದಾರ ಸಿಗುತ್ತಿತ್ತು. ಮೇಷ್ಟ್ರು ಕೈತೊಳೆದು ಕೂತರು. ಪಾಠ ಹೇಳಿ ಹೇಳಿ ಅವರಿಗೆ ಕುರ್ಚಿಯಲ್ಲಿ ಕೂತರೂ ಬಲಗಾಲು ನೆಲವನ್ನು ಒತ್ತುವ ಅಭ್ಯಾಸ. ಕಲಿಸುವ ಕಾರಿನಲ್ಲಿ ಅವರ ಕಡೆಗೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಎಡವಟ್ಟು ಮಾಡಿದರೆ ಅವರು ಒತ್ತುವುದು.

"ನನ್ನ ಸೈಕಲ್ಲು ಗುಜರೀಲಿ ಚೆನ್ನಾಗಿದೆ ಕಣ್ರೀ," ಎಂದಳು ಪರದೆಯಕ್ಕ. "ಬಿಳೀ ಸೀರೆ ಉಟ್ಕೊಂಡು ನಿಂತಿದೆ."

ಮೇಷ್ಟ್ರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಆಮೇಲೆ ತಟ್ಟೆಗೆ ಇಳಿಯಿತು. ಅವರು ಸುಳ್ಳನ್ನು ಮುಂದುವರಿಸಲು ನೋಡಲಿಲ್ಲ, ಅಷ್ಟರ ಮಟ್ಟಿಗೆ ನೇರ ಮನುಷ್ಯ.

"ತರೋಕೆ ಅಂತಾನೇ ಹೋಗಿದ್ದೆ ಅವತ್ತು. ನಿನ್ನ ಚಪ್ಪಲಿ ಒಂದು ಅಲ್ಲೇ ಬಿದ್ದಿತ್ತು. ಅದನ್ನ ಎತ್ಕೊಂಡೆ. ಸೈಕಲ್ ಮುಟ್ಟೋಕಾಗಲಿಲ್ಲ, ಬಂದ್ಬಿಟ್ಟೆ."

"ಬಿಳಿ ಬಣ್ಣ ಹಚ್ಚಿದ್ದು ಗೊತ್ತಿತ್ತಾ?"

"ಗೊತ್ತಿತ್ತು. ಒಂದು ದಿನ ಪಾಠದ ನಡುವೆ ಆ ದಾರೀಲಿ ಹೋದ್ವಿ. ಬೋರ್ಡು ಓದಿದೆ. ನನ್ನ ಕಡೆ ಬ್ರೇಕ್ ಒತ್ತಿಬಿಟ್ಟಿದೀನಿ, ಪಕ್ಕದಲ್ಲಿ ಕಲಿಯೋರು ಹೆದರಿ ಅಳೋಕೆ ಶುರು ಮಾಡಿದ್ರು. ಪಾಠ ಬಿಟ್ಟು ಸೀದಾ ಮನೆಗೆ ಬಂದೆ. ನೀನು ಇಲ್ಲೇ ಕಾಲು ಚಾಚಿ ಕೂತು ಪರದೆಗೆ ರಿಂಗ್ ಹಾಕ್ತಿದ್ದೆ."

ಅವಳಿಗೆ ಆ ದಿನ ನೆನಪಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲಲ್ಲೇ ನಿಂತಿದ್ದರು, ನೀರು ಕೇಳಿದ್ದರು, ಕೊಟ್ಟ ನೀರನ್ನು ಕುಡಿಯದೆ ಹೋಗಿದ್ದರು. ಆಗ ಅವಳು ಗಂಡಸರಿಗೆ ವಯಸ್ಸಾದಂತೆ ಮರೆವು ಬರುತ್ತದೆ ಎಂದುಕೊಂಡಿದ್ದಳು.

"ಅವರಿಗೆ ಹೇಳಬಹುದಿತ್ತಲ್ಲ, ಆಕೆ ಇದಾಳೆ ಅಂತ."

"ಹೇಳಿದ್ರೆ ಸೈಕಲ್ ವಾಪಸ್ ಬರ್ತಿತ್ತು."

ಇಷ್ಟು ಹೊತ್ತು ತಡೆದಿಟ್ಟಿದ್ದ ಸಿಟ್ಟೆಲ್ಲ ಈಗ ಹೊರಗೆ ಬರಬೇಕಿತ್ತು. ಬರಲಿಲ್ಲ. ಅದರ ಜಾಗದಲ್ಲಿ ಒಂದು ತರಹದ ಮರುಕ ಬಂದು, ಅದರ ಮೇಲೆ ಮತ್ತೆ ಸಿಟ್ಟು ಬಂತು.

"ಕಲಿಯೋರ ಪಕ್ಕ ಕೂತ ಹಾಗೆ ನನ್ನ ಪಕ್ಕಾನೂ ಕೂತ್ಕೊಂಡು ಬ್ರೇಕ್ ಒತ್ತಿಬಿಟ್ರಿ. ಮೂರು ತಿಂಗಳಿಂದ ನಾನು ನಿಂತಲ್ಲೇ ನಿಂತಿದೀನಿ ಕಣ್ರೀ. ಅದು ಬದುಕಿರೋದಾ?"

"ಇವಳೇ, ಒಂದು ಮಾತು ಹೇಳ್ತೀನಿ." ಮೇಷ್ಟ್ರು ತಟ್ಟೆಯನ್ನೇ ನೋಡುತ್ತಿದ್ದರು. "ಈ ಊರಿನ ಜನಕ್ಕೆ ಕಾರು ಕಲಿಸಿದ್ದು ನಾನು. ಏನು ಕಲಿಸಿದೀನಿ ಅಂತ ನನಗೊಬ್ಬನಿಗೇ ಗೊತ್ತು. ಪರೀಕ್ಷೇಲಿ ಕೇಳೋದು ಹಿಂದಕ್ಕೆ ತಗೊಳ್ಳೋದು, ಏರಲ್ಲಿ ನಿಲ್ಸೋದು, ಎರಡು ಕಂಬದ ಮಧ್ಯ ಸೇರಿಸೋದು. ಅಷ್ಟನ್ನೇ ಕಲಿಸ್ತೀನಿ. ತಿರುಗೋವಾಗ ಪಕ್ಕದಲ್ಲಿ ಸೈಕಲ್ ಇದೆಯಾ ನೋಡು ಅಂತ ಪರೀಕ್ಷೇಲಿ ಯಾರೂ ಕೇಳಲ್ಲ, ನಾನೂ ಕಲಿಸಲಿಲ್ಲ. ನಿನಗೆ ಗುದ್ದಿದವನು ಯಾರೋ ನನಗೆ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಕೂ ಹೋಗಲಿಲ್ಲ. ನನ್ನ ಹತ್ರಾನೇ ಕಲಿತವನಾಗಿದ್ರೆ?"

ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡ ತಮ್ಮ ಕೆಲಸದ ಬಗ್ಗೆ ಹೀಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಎದ್ದು ಹೋಗಿ ಅವರ ಹೆಗಲ ಮೇಲೆ ಕೈಯಿಡಬೇಕೆನಿಸಿತು. ಇಟ್ಟಳು ಕೂಡ.

"ನಾಡಿದ್ದು ನಾನು ಸೈಕಲ್ ತರ್ತೀನಿ," ಎಂದಳು, ಕೈ ತೆಗೆಯದೆ.

"ಬೇಡ."

"ತರ್ತೀನಿ."

"ನಾನು ಬೇಡ ಅಂದೆ." ಮೇಷ್ಟ್ರು ಎದ್ದು, ಉಂಡ ತಟ್ಟೆಯನ್ನು ತೊಳೆಯದೆ, ಎಂದೂ ಹಾಗೆ ಮಾಡದವರು, ಪಾಠಕ್ಕೆ ಹೊರಟುಹೋದರು. ಅಂದಿನಿಂದ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಇಂಜಿನಿಯರು ಹೇಳಿದ ದಿನ, ಹೇಳಿದ ಹೊತ್ತಿಗಿಂತ ತಡವಾಗಿ ಬಂದರು. ಕಾರು ನಿಲ್ಲಿಸಲು ಜಾಗ ಹುಡುಕಿ ವೃತ್ತವನ್ನು ಸುತ್ತಿ ಸುತ್ತಿ, ಕೊನೆಗೆ ಕಾಲುದಾರಿಯ ಮೇಲೇ ಹತ್ತಿಸಿ ನಿಲ್ಲಿಸಿದರು. ಕೆಟ್ಟ ಮನುಷ್ಯನಲ್ಲ, ನಿದ್ದೆ ಸಾಲದವರ ಮುಖ. ಬಳಗದ ಹತ್ತಾರು ಜನ ತಮ್ಮ ತಮ್ಮ ಸೈಕಲ್ ಹಿಡಿದು, ಶಾಲೆಗೆ ಇನ್ಸ್‌ಪೆಕ್ಟರ್ ಬಂದಾಗ ನಿಲ್ಲುವ ಮಕ್ಕಳ ಹಾಗೆ ನಿಂತಿದ್ದರು. ಪರದೆಯಕ್ಕ ಅವರ ಹಿಂದೆ ನಿಂತಿದ್ದಳು. ಸತ್ತವಳು ಮುಂದೆ ನಿಂತರೆ ಚೆನ್ನಾಗಿರುವುದಿಲ್ಲ ಎಂದು ಅವಳೇ ಹಿಂದೆ ಸರಿದಿದ್ದಳು. ಬಿಳಿ ಸೈಕಲ್ಲಿನ ಚೈನು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಲೈಬ್ರರಿಯವರು ಮಾತು ಉಳಿಸಿಕೊಂಡಿದ್ದರು.

ಇಂಜಿನಿಯರು ರಸ್ತೆಯನ್ನು ಆಚೆ ನೋಡಿದರು, ಈಚೆ ನೋಡಿದರು. "ಪೊಲೀಸರ ಹತ್ರ ಈ ಸಾವಿನ ದಾಖಲೆ ಸಿಗ್ತಿಲ್ಲ. ಇರಲಿ, ಅವರಲ್ಲಿ ಹಾಗೇ. ಹೇಗಾಯ್ತು ಅಂತ ನಿಮಗೇನಾದ್ರೂ ಗೊತ್ತಾ?"

ಲೈಬ್ರರಿಯವರ ಕಿವಿ ಕೆಂಪಾಯಿತು. ಪುಸ್ತಕಗಳ ನಡುವೆ ಬಾಳಿದ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅದು... ಕಾರು ತಿರುಗೋವಾಗ... ಅಂತ ಕೇಳಿದ್ವಿ."

"ತಿರುಗೋ ಕಾರಿನ ಪಕ್ಕಕ್ಕೆ ನುಗ್ಗಿರ್ತಾರೆ ಬಿಡಿ. ಈ ಸೈಕಲ್‌ನೋರು ನೋಡ್ಕೊಂಡು ಬರಲ್ಲ. ಹೆಂಗಸು ಬೇರೆ ಅಂತ ನಿಮ್ಮ ಅರ್ಜೀಲಿದೆ, ಸರಿಯಾಗಿ ಬರ್ತಿತ್ತೋ ಇಲ್ವೋ. ತಪ್ಪು ಆಕೇದೇ ಇದ್ದಿರಬೇಕು." ಇಂಜಿನಿಯರು ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ದಿನಾ ಹೇಳುವ ಮಾತಿನ ಹಾಗೆ ಹೇಳಿದರು. "ಕೇಳೋಣ ಅಂದ್ರೆ ಪಾಪ ಆಕೆ ಇಲ್ಲ."

ಪರದೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸತ್ತವರ ಮೇಲೆ ಏನು ಹೇರಿದರೂ ನಡೆಯುತ್ತದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಅವರು ಹೂ ಕೊಟ್ಟರೆ ಇಸಿದುಕೊಳ್ಳುತ್ತಾರೆ, ತಪ್ಪು ಕೊಟ್ಟರೂ ಇಸಿದುಕೊಳ್ಳುತ್ತಾರೆ. ಈ ಊರಿನ ಕಂಬಗಳಿಗೆ ಕಟ್ಟಿದ ಉಳಿದ ಬಿಳಿ ಸೈಕಲ್ಲುಗಳ ಒಡೆಯರು ಎದ್ದು ಬಂದು ಹೇಳಲಾರರು. ಅವಳು ಹೇಳಬಲ್ಲಳು. ಲೈಬ್ರರಿಯವರಿಗೆ ಕೊಟ್ಟ ಮಾತು ಒಂದು ಕ್ಷಣ ಕಾಲು ಹಿಡಿದು ಎಳೆಯಿತು. ಅದನ್ನು ಕೊಡವಿಕೊಂಡು ಅವಳು ಜನರನ್ನು ಸರಿಸಿ ಮುಂದೆ ಬಂದಳು.

"ಇದೀನಿ. ಕೇಳಿ."

"ನೀವು ಯಾರಮ್ಮ?"

"ತೀರಿಹೋದೋಳು."

ಬಳಗದಲ್ಲಿ ಯಾರೋ ಕೆಮ್ಮಿದರು. ಲೈಬ್ರರಿಯವರು ಕಣ್ಣು ಮುಚ್ಚಿಕೊಂಡರು. ಇಂಜಿನಿಯರು ಅವಳನ್ನೂ ಹಲಗೆಯನ್ನೂ ಮತ್ತೆ ಮತ್ತೆ ನೋಡಿದರು. ಅವಳು ನಿಂತಲ್ಲೇ ನಡೆದದ್ದನ್ನು ಹೇಳಿದಳು. ತಾನು ರಸ್ತೆಯ ಅಂಚು ಹಿಡಿದು ನೇರ ಹೋಗುತ್ತಿದ್ದದ್ದು, ಹಿಂದಿನಿಂದ ಬಂದ ಕಾರು ತನ್ನನ್ನು ದಾಟಿ, ದಾಟಿದ ಕೂಡಲೇ ದೀಪ ಹಾಕದೆ ತನ್ನ ಮುಂದೆಯೇ ತಿರುಗಿದ್ದು, ಗಂಟೆ ಬಾರಿಸಿದರೂ ಗಾಜು ಏರಿಸಿಕೊಂಡಿದ್ದವನಿಗೆ ಕೇಳಿಸದೆ ಹೋದದ್ದು. "ನಾನು ನುಗ್ಗಲಿಲ್ಲ ಸಾರ್. ನುಗ್ಗೋಕೆ ಜಾಗ ಎಲ್ಲಿದೆ ಇಲ್ಲಿ?"

ಇಂಜಿನಿಯರು ರಸ್ತೆಯ ಅಂಚನ್ನೂ ತಿರುವನ್ನೂ ಇನ್ನೊಮ್ಮೆ ನೋಡಿದರು. "ಅಂದ್ರೆ ಇಲ್ಲಿ ಸಾವು ಆಗಿಲ್ಲ," ಎಂದರು ಕೊನೆಗೆ.

"ಆಗಿಲ್ಲ. ಆಗೋಕೆ ಮುಂಚೆ ಬಂದಿದೀರಿ, ಒಳ್ಳೇದೇ ಆಯ್ತಲ್ಲ."

ಇಂಜಿನಿಯರಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಸಾವಿಲ್ಲದ ಜಾಗ ಕೆಳಗಿನ ಸಾಲಿಗೆ ಹೋಗುತ್ತದೆ, ತಾನು ಏನೂ ಮಾಡುವಂತಿಲ್ಲ ಎಂದು ಹೇಳಿದರು. ಹೇಳಿ, ಕಾರಿನ ಕಡೆಗೆ ನಾಲ್ಕು ಹೆಜ್ಜೆ ಇಟ್ಟು, ಏನನ್ನಿಸಿತೋ ತಿರುಗಿ ಬಂದರು. "ಎಲ್ಲಿ, ಹೇಗೆ ಬರ್ತಿದ್ರಿ ಅಂತ ಒಂದ್ಸಲ ತೋರಿಸ್ತೀರಾ? ಕಣ್ಣಲ್ಲಿ ನೋಡಿ ಹೋಗ್ತೀನಿ."

ಲೈಬ್ರರಿಯವರು ಮುಖ ಬಾಡಿಸಿಕೊಂಡೇ ಬೀಗ ತೆಗೆದು ಸರಪಳಿ ಬಿಚ್ಚಿದರು, ಹಲಗೆಯನ್ನೂ ಬಿಚ್ಚಿದರು. "ಕ್ಷಮಿಸಿ, ಮಾತು ಮುರಿದೆ," ಎಂದಳು ಪರದೆಯಕ್ಕ. ಅವರು ತಲೆಯಲ್ಲಾಡಿಸಿ, "ಸದ್ಯ, ನೀವು ಮುರಿದ್ರಿ," ಎಂದು ಟೈರು ಒತ್ತಿ ನೋಡಿ ಗಾಳಿ ಹಾಕಿಕೊಟ್ಟರು.

ಅವಳು ಸೈಕಲ್ಲನ್ನು ತಳ್ಳಿಕೊಂಡು ವೃತ್ತದ ಕೆಳಗಿನ ರಸ್ತೆಗೆ ಹೋದಳು. ಇಷ್ಟು ದಿನ ಬಯಸಿದ್ದು ಕೈಯಲ್ಲಿದ್ದರೂ, ಸೀಟಿನ ಮೇಲೆ ಕೂತು ಒಂದು ಕಾಲು ನೆಲದಲ್ಲಿಟ್ಟಾಗ ಅವಳಿಗೆ ಆ ದಿನದ ಬಂಪರಿನ ಸದ್ದು ಕಿವಿಯಲ್ಲೇ ಕೇಳಿಸಿತು. ಕಾರುಗಳು ಅವಳ ಮೊಣಕೈ ಸವರಿಕೊಂಡು ಒಂದಾದ ಮೇಲೊಂದು ಹೋಗುತ್ತಿದ್ದವು. ಒಂದು ಸಂದಿ ಸಿಕ್ಕರೆ ಹೊರಡೋಣ ಎಂದು ಕಾದಳು. ಸಂದಿ ಸಿಗಲಿಲ್ಲ. ತನಗೆ ಹೆದರಿಕೆಯಾಗಿದೆ ಎಂಬುದನ್ನು ಅವಳು ತನಗೆ ತಾನೇ ಒಪ್ಪಿಕೊಂಡಳು. ಗಂಡ ಹೇಳಿದ್ದು ಸರಿಯೇನೋ, ಇಳಿದುಬಿಡಲೇ ಎಂದೂ ಅನಿಸಿತು.

ಆಗ ಹಿಂದೆ ಒಂದು ಕಾರು ಬಂದು ನಿಂತಿತು. ತಿರುಗಿ ನೋಡಿದರೆ ನೆತ್ತಿಯ ಮೇಲೆ ಕಾರು ಕಲಿಸುವ ಶಾಲೆಯ ಹಲಗೆ ಹೊತ್ತ ಮನೆಯದೇ ಕಾರು. ದಪ್ಪ ಕನ್ನಡಕದ, ಅವಳದೇ ವಯಸ್ಸಿನ ಹೆಂಗಸೊಬ್ಬರು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ಮೇಷ್ಟ್ರು. ಬೋರ್ಡು ಓದಿದ ದಿನದಿಂದ ಈ ವೃತ್ತದ ಕಡೆಗೇ ಬಾರದೆ ಬೇರೆ ದಾರಿಯಲ್ಲಿ ಪಾಠ ಹೇಳುತ್ತಿದ್ದವರು ಇಂದು ಬೇಕೆಂದೇ ಬಂದಿದ್ದರು. ತಡೆಯಲು ಬಂದರು ಎಂದುಕೊಂಡಳು ಅವಳು. ಇಳಿದು ಬರುತ್ತಾರೆ, ಎಲ್ಲರೆದುರು ಸೈಕಲ್ ಹಿಡಿದುಕೊಳ್ಳುತ್ತಾರೆ. ಅವಳು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಳು.

ಮೇಷ್ಟ್ರು ಇಳಿಯಲಿಲ್ಲ. ಹಿಂದಿದ್ದ ಕಾರುಗಳೆಲ್ಲ ಆ ಕಾರಿನ ಹಿಂದೆ ನಿಂತವು, ಅವಳ ಮುಂದಿನ ರಸ್ತೆ ಖಾಲಿಯಾಯಿತು. ಗಂಡ ಹೆಂಡತಿ ಗಾಜಿನ ಮೂಲಕ ಒಬ್ಬರನ್ನೊಬ್ಬರು ನೋಡಿದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಅವರು ತುಟಿ ಕಚ್ಚಿ, ಗದ್ದ ಎತ್ತಿ, ಮುಂದೆ ಎಂಬಂತೆ ಸನ್ನೆ ಮಾಡಿದರು.

ಅವಳು ಪೆಡಲ್ ತುಳಿದಳು. ಮೊಣಕಾಲು ಕಿರುಗುಟ್ಟಿತು, ಸೈಕಲ್ ಒಮ್ಮೆ ಓಲಾಡಿ ನೆಟ್ಟಗಾಯಿತು. ಹಿಂದಿನಿಂದ ಕಾರಿನ ತೆರೆದ ಕಿಟಕಿಯಲ್ಲಿ ಮೇಷ್ಟ್ರ ಪಾಠದ ದನಿ ಕೇಳುತ್ತಿತ್ತು. ಎಷ್ಟೋ ವರ್ಷದಿಂದ ಕೇಳಿದ ಅದೇ ಏರಿಳಿತವಿಲ್ಲದ ದನಿ, ಇಂದು ಮಾತ್ರ ಸ್ವಲ್ಪ ನಡುಗುತ್ತಿತ್ತು.

"ಮೊದಲನೇ ಗೇರಲ್ಲೇ ಇರಲಿ. ಮುಂದೆ ಸೈಕಲ್ ಇದೆ, ನೋಡಿ. ಅದನ್ನ ದಾಟಬೇಕು ಅನ್ನೋ ಯೋಚನೆ ಬಿಟ್ಟುಬಿಡಿ. ಅವರು ಬಿದ್ರೂ ನಾವು ನಿಲ್ಲಬೇಕು, ಅಷ್ಟು ದೂರ ಇಟ್ಕೊಳ್ಳಿ."

"ಹಿಂದಿನೋರು ಹಾರ್ನ್ ಹೊಡೀತಿದಾರೆ ಸಾರ್."

"ಹೊಡೀಲಿ. ಅವರಿಗೂ ನಾನೇ ಕಲಿಸಿರಬೇಕು, ಈ ಪಾಠ ಬಾಕಿ ಇತ್ತು."

ಪರದೆಯಕ್ಕನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ, ಹರಿಯಲು ಬಿಟ್ಟಳು. ಹಿಂದೆ ಹಾರ್ನುಗಳ ಗಲಾಟೆ, ಮೂಲೆಯಲ್ಲಿ ಬಳಗದವರು, ಕಾಲುದಾರಿಯ ತುದಿಗೆ ಬಂದು ಕತ್ತು ಚಾಚಿ ನೋಡುತ್ತಿದ್ದ ಇಂಜಿನಿಯರು. ಅವಳು ಅದೇ ತಿರುವಿಗೆ ಬಂದಳು.

"ಈಗ ನಾವೂ ತಿರುಗಬೇಕು," ಎನ್ನುತ್ತಿತ್ತು ಹಿಂದಿನ ದನಿ. "ತಿರುಗೋಕೆ ಮುಂಚೆ ಏನು ಮಾಡಬೇಕು?"

"ದೀಪ ಹಾಕಬೇಕು ಸಾರ್."

"ಆಮೇಲೆ?"

"ಗೊತ್ತಿಲ್ಲ ಸಾರ್. ಪರೀಕ್ಷೇಲಿ ಬರತ್ತಾ?"

"ಬರಲ್ಲ," ಎಂದರು ಮೇಷ್ಟ್ರು. "ಆಕೆ ಹೋಗೋ ತನಕ ಕಾಯಬೇಕು."

ಕಾರು ನಿಂತಿತು. ಪರದೆಯಕ್ಕ ತಿರುವನ್ನು ನೇರವಾಗಿ ದಾಟಿ ಮುಂದೆ ಹೋದಳು.